ಕಡಿಮೆ ದರದ ಗ್ಯಾರೇಜು ಕೊನೆಗೆ ಎಷ್ಟಕ್ಕೆ ಬೀಳುತ್ತದೆ? ಉಡುಪಿ–ಮಂಗಳೂರು ಕಾರು ಮಾಲೀಕರ ಅನುಭವಗಳು

ಕಟಪಾಡಿಯ ಶಿಕ್ಷಕ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನ್ನಲ್ಲಿ ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಕಾರೊಂದಿದೆ. ಕಳೆದ ಡಿಸೆಂಬರಿನಲ್ಲಿ ಅದರ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ವಾರಕ್ಕೆ ಅರ್ಧ ಲೀಟರಿನಷ್ಟು ಕಡಿಮೆಯಾಗತೊಡಗಿತು. ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿ ತೋರಿಸಿದಾಗ ವಾಟರ್ ಪಂಪ್ ಸೋರುತ್ತಿದೆ ಎಂದರು. ಪಂಪು, ಥರ್ಮೋಸ್ಟಾಟ್ (ಎಂಜಿನ್ನಿನ ಶಾಖ ನಿಯಂತ್ರಿಸುವ ಕವಾಟ), ಹೊಸ ಕೂಲೆಂಟ್, ಕೂಲಿ ಎಲ್ಲ ಸೇರಿ 11,400 ರೂಪಾಯಿ ಆಗುತ್ತದೆ ಎಂದು ಬರೆದುಕೊಟ್ಟರು. ನನಗೆ ಅದು ಹೆಚ್ಚೆನಿಸಿತು. ಹೆದ್ದಾರಿಯ ಬದಿಯ ಗ್ಯಾರೇಜೊಂದರಲ್ಲಿ ಅದೇ ಕೆಲಸವನ್ನು 2,200 ರೂಪಾಯಿಗೆ ಮಾಡಿಕೊಡುತ್ತೇನೆಂದರು, ಮಾಡಿಯೂ ಕೊಟ್ಟರು. ಪಂಪನ್ನು ಬದಲಿಸದೆ ಅದರ ಅಂಚಿಗೆ ಸೀಲಂಟ್ ಹಚ್ಚಿ ಕೂರಿಸಿದರು, ಥರ್ಮೋಸ್ಟಾಟನ್ನು ತೆಗೆದುಬಿಟ್ಟರು, ಬಾವಿಯ ನೀರು ತುಂಬಿಸಿ ಬಣ್ಣಕ್ಕೆಂಬಂತೆ ಒಂದಿಷ್ಟು ಹಸಿರು ಕೂಲೆಂಟ್ ಸೇರಿಸಿದರು. ಥರ್ಮೋಸ್ಟಾಟ್ ಬಗ್ಗೆ ಕೇಳಿದಾಗ, ನಮ್ಮ ಕರಾವಳಿಯ ಸೆಕೆಗೆ ಅದು ಬೇಡವೇ ಬೇಡ, ಅದಿದ್ದರೇ ಎಂಜಿನ್ ವಿಪರೀತ ಬಿಸಿಯಾಗುವುದು ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. ಅವರು ಅದನ್ನು ನಂಬಿಯೇ ಹೇಳಿದ್ದರು.

ಸೋರಿಕೆ ನಿಂತಿತು. ಆದರೆ ಆ ದಿನದಿಂದ ಎಂಜಿನ್ ತಣ್ಣಗಿರುವಾಗ ಉರಿಯುವ ನೀಲಿ ದೀಪ ಆರುವುದೇ ಅಪರೂಪವಾಯಿತು. ಕಟಪಾಡಿಯಿಂದ ಹೊರಟು ಪಡುಬಿದ್ರಿ ದಾಟಿದರೂ ಅದು ಉರಿಯುತ್ತಲೇ ಇರುತ್ತಿತ್ತು. ಲೀಟರಿಗೆ 17 ಕಿಲೋಮೀಟರ್ ಓಡುತ್ತಿದ್ದ ಕಾರು 15ಕ್ಕೆ ಇಳಿಯಿತು. ಇದನ್ನು ನಾನು ಗಮನಿಸಿದೆ, ಆದರೆ ಗಣನೆಗೆ ತೆಗೆದುಕೊಳ್ಳಲಿಲ್ಲ.

ಮೇ ತಿಂಗಳಲ್ಲಿ ತಾಯಿಯವರನ್ನೂ ಮಕ್ಕಳನ್ನೂ ಕರೆದುಕೊಂಡು ಕೊಟ್ಟಿಗೆಹಾರದ ಕಡೆಗೆ ಹೊರಟೆವು. ಉಜಿರೆ ದಾಟಿ ಚಾರ್ಮಾಡಿ ಘಾಟಿಯನ್ನು ಅರ್ಧ ಏರುವಷ್ಟರಲ್ಲಿ ಕೆಂಪು ದೀಪ ಹೊತ್ತಿಕೊಂಡಿತು. ತಿರುವಿನಲ್ಲಿ ನಿಲ್ಲಿಸಲು ಜಾಗವಿರಲಿಲ್ಲವೆಂದು ಇನ್ನೂ ಸುಮಾರು ಎರಡು ಕಿಲೋಮೀಟರ್ ಓಡಿಸಿದೆ. ಬಾನೆಟ್ ತೆರೆದಾಗ ಹಬೆಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ತಾಯಿಯವರು ಎರಡು ಗಂಟೆ ಕಾಲ ರಸ್ತೆಯ ಬದಿಯ ಕಟ್ಟೆಯ ಮೇಲೆ ಕುಳಿತಿದ್ದರು. ಅವರಿಗೆ 78 ವರ್ಷ.

ಎಳೆದು ತರುವ ವಾಹನಕ್ಕೆ 4,500 ರೂಪಾಯಿ. ಎಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ ಬಾಗಿ, ಅದರ ಅಡಿಯ ಬಿಗಿಪದರವಾದ ಹೆಡ್ ಗ್ಯಾಸ್ಕೆಟ್ ಹೋಗಿದ್ದರಿಂದ ಅಂಬಲಪಾಡಿಯ ವರ್ಕ್‌ಶಾಪಿನಲ್ಲಿ 38,600 ರೂಪಾಯಿ. ಐದು ತಿಂಗಳಲ್ಲಿ ಓಡಿಸಿದ ಸುಮಾರು 5,000 ಕಿಲೋಮೀಟರಿಗೆ ಹೆಚ್ಚುವರಿಯಾಗಿ ಸುಟ್ಟ ಪೆಟ್ರೋಲು ಲೆಕ್ಕ ಹಾಕಿದರೆ 39 ಲೀಟರ್, ಅಂದರೆ ಸುಮಾರು 4,000 ರೂಪಾಯಿ. ಮೊದಲು ಕೊಟ್ಟ 2,200 ಸೇರಿಸಿದರೆ ಒಟ್ಟು 49,300 ರೂಪಾಯಿ. ಮೂರು ವಾರ ಕಾರಿಲ್ಲದೆ ಶಾಲೆಗೆ ಓಡಾಡಿದ ಖರ್ಚನ್ನು ಇದರಲ್ಲಿ ಸೇರಿಸಿಲ್ಲ.

ತಿಳಿದವರಲ್ಲಿ ನನ್ನ ಪ್ರಶ್ನೆ ಇದು: ಥರ್ಮೋಸ್ಟಾಟ್ ತೆಗೆದ ಮೇಲೆ ಎಂಜಿನ್ ಐದು ತಿಂಗಳು ತಣ್ಣಗೇ ಇತ್ತಲ್ಲ, ಹಾಗಿದ್ದರೆ ಘಾಟಿಯಲ್ಲಿ ಮಾತ್ರ ಏಕೆ ಕಾದುಹೋಯಿತು?

ಬೈಕಂಪಾಡಿಯ ನಿವೃತ್ತ ಎಂಜಿನಿಯರ್

ಒಳ್ಳೆಯ ಪ್ರಶ್ನೆ. ಇದಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಥರ್ಮೋಸ್ಟಾಟ್ ಎಂದರೆ ಮೇಣ ತುಂಬಿದ ಒಂದು ಸಣ್ಣ ಕವಾಟ. ಎಂಜಿನ್ ತಣ್ಣಗಿರುವಾಗ ಅದು ಮುಚ್ಚಿರುತ್ತದೆ. ಆಗ ನೀರು, ಅದನ್ನು ಗಾಳಿಯಿಂದ ತಣಿಸುವ ರೇಡಿಯೇಟರಿಗೆ ಹೋಗದೆ ಬೈಪಾಸ್ ದಾರಿಯಲ್ಲಿ ಎಂಜಿನ್ನಿನೊಳಗೇ ಸುತ್ತುತ್ತದೆ. ಹೆಚ್ಚಿನ ಕಾರುಗಳಲ್ಲಿ 82ರಿಂದ 88 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಮೇಣ ಕರಗಿ ಹಿಗ್ಗಿ ಕವಾಟ ತೆರೆಯುತ್ತದೆ, ನೀರು ರೇಡಿಯೇಟರಿಗೆ ಹರಿಯುತ್ತದೆ. ಅನೇಕ ಎಂಜಿನ್‌ಗಳಲ್ಲಿ ಇದೇ ಕವಾಟಕ್ಕೆ ಹಿಂಬದಿಯಲ್ಲಿ ಇನ್ನೊಂದು ತಟ್ಟೆ ಇರುತ್ತದೆ. ರೇಡಿಯೇಟರಿನ ದಾರಿ ತೆರೆದಂತೆ ಅದು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟನ್ನು ಪೂರ್ತಿ ಕಿತ್ತುಹಾಕಿದಾಗ ಬೈಪಾಸನ್ನು ಮುಚ್ಚುವವರೇ ಇಲ್ಲದಂತಾಗುತ್ತದೆ. ನೀರಿನ ಒಂದು ಪಾಲು ಯಾವಾಗಲೂ ರೇಡಿಯೇಟರನ್ನು ಕಾಣದೆಯೇ ಎಂಜಿನ್ನಿಗೆ ಮರಳುತ್ತಿರುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ ಉಳಿದ ಪಾಲೇ ಸಾಕಾಗಿ ಎಂಜಿನ್ ಬೇಕಾದುದಕ್ಕಿಂತ ತಣ್ಣಗಿರುತ್ತದೆ. ಘಾಟಿಯಲ್ಲಿ ಐದು ಜನರನ್ನು ಹೊತ್ತು, ಎಸಿ ಹಾಕಿಕೊಂಡು, ಎರಡನೆಯ ಗೇರಿನಲ್ಲಿ ಏರುವಾಗ ಎಂಜಿನ್ ಬಿಸುಡುವ ಶಾಖ ಹೆಚ್ಚು, ಎದುರಿನಿಂದ ಬರುವ ಗಾಳಿ ಕಡಿಮೆ. ಆಗ ರೇಡಿಯೇಟರಿಗೆ ಪ್ರತಿ ಲೋಟ ನೀರೂ ಬೇಕು, ಅದು ಸಿಗುವುದಿಲ್ಲ. ನಿಮ್ಮ ಕಾರು ಹೆದ್ದಾರಿಯಲ್ಲಿ ತಣ್ಣಗಿದ್ದುದೂ ಘಾಟಿಯಲ್ಲಿ ಕಾದದ್ದೂ ಒಂದೇ ತಪ್ಪಿನಿಂದ ಆಗಿರುವ ಸಾಧ್ಯತೆ ಹೆಚ್ಚು.

ಪೆಟ್ರೋಲು ಹೆಚ್ಚು ಸುಟ್ಟದ್ದಕ್ಕೂ ಕಾರಣ ಅದೇ. ಎಂಜಿನ್ ಇನ್ನೂ ತಣ್ಣಗಿದೆ ಎಂದು ಸೆನ್ಸರ್ ಹೇಳುತ್ತಿರುವವರೆಗೆ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಹೆಚ್ಚು ಇಂಧನ ಸುರಿಸುತ್ತಲೇ ಇರುತ್ತದೆ. ಸ್ಕ್ಯಾನರ್ ಹಾಕಿದ್ದರೆ ಪಿ0128 ಎಂಬ ಸಂಕೇತ ಕಂಡಿರುವ ಸಾಧ್ಯತೆಯಿತ್ತು, ಎಂಜಿನ್ ನಿಗದಿತ ಶಾಖಕ್ಕೆ ಏರುತ್ತಿಲ್ಲ ಎಂಬುದೇ ಅದರ ಅರ್ಥ. ಎಂಜಿನ್ ಆಯಿಲ್ ಸಾಕಷ್ಟು ಬಿಸಿಯಾಗದಿದ್ದರೆ ಅದರೊಳಗೆ ಸೇರಿದ ತೇವ ಆವಿಯಾಗಿ ಹೋಗುವುದಿಲ್ಲ, ನಿಧಾನವಾಗಿ ಜಿಡ್ಡು ಕಟ್ಟುತ್ತದೆ. ನಮ್ಮ ಮಳೆಗಾಲದ ತೇವದಲ್ಲಿ ಇದು ಇನ್ನಷ್ಟು ಕೆಟ್ಟದ್ದು.

ಬಾವಿಯ ನೀರಿನ ಬಗ್ಗೆ ಒಂದು ಮಾತು. ನಮ್ಮ ಊರುಗಳ ಬಾವಿ ನೀರಿನಲ್ಲಿ ಹಲವೆಡೆ ಕಬ್ಬಿಣದ ಅಂಶವಿರುತ್ತದೆ, ಕಡಲಿನ ಸಮೀಪ ಉಪ್ಪೂ ಇರುತ್ತದೆ. ಈಗಿನ ಎಂಜಿನ್ನಿನ ಹೆಡ್ ಅಲ್ಯೂಮಿನಿಯಂ, ರೇಡಿಯೇಟರೂ ಅಲ್ಯೂಮಿನಿಯಂ. ಉಪ್ಪು ನೀರು ಅದನ್ನು ಒಳಗಿನಿಂದ ತಿನ್ನುತ್ತದೆ. ಎಥಿಲೀನ್ ಗ್ಲೈಕಾಲ್ ಕೂಲೆಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ, ಅರ್ಧಕ್ಕರ್ಧ ಬೆರೆಸಿದಾಗ ಕುದಿಯುವ ಬಿಂದುವೂ ಏಳೆಂಟು ಡಿಗ್ರಿ ಮೇಲೇರುತ್ತದೆ. ನಮಗೆ ಹಿಮ ಬೀಳುವುದಿಲ್ಲ, ಆದ್ದರಿಂದ ಕೂಲೆಂಟ್ ಬೇಡ ಎನ್ನುವವರು ಇದನ್ನು ಮರೆಯುತ್ತಾರೆ.

ಕುಂದಾಪುರದ ನಿತ್ಯ ಪ್ರಯಾಣಿಕ

ಶಿಕ್ಷಕರ ನೋವು ಅರ್ಥವಾಗುತ್ತದೆ. ಆದರೂ ಶೀರ್ಷಿಕೆಯ ಬಗ್ಗೆ ನನಗೆ ತಕರಾರಿದೆ. ಕಡಿಮೆ ದರ ಎಂದರೆ ಕೆಟ್ಟ ಕೆಲಸ ಎಂದು ಸಾಧಿಸಿದರೆ, ಊರಿನ ಒಳ್ಳೆಯ ಮೆಕ್ಯಾನಿಕ್‌ಗಳ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ. ನನ್ನ ಕಾರು ಎರಡು ಲಕ್ಷ ಕಿಲೋಮೀಟರ್ ಓಡಿದೆ, ಅದನ್ನು ಹದಿನಾಲ್ಕು ವರ್ಷಗಳಿಂದ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. ಅವರ ಕೂಲಿ ಸರ್ವಿಸ್ ಸೆಂಟರಿನ ಮೂರನೇ ಒಂದು ಭಾಗ. ಅದೇ ಸರ್ವಿಸ್ ಸೆಂಟರಿನಲ್ಲಿ ನಾನು ಕೇಳದಿದ್ದರೂ ಎಸಿ ಶುಚಿಗೊಳಿಸುವಿಕೆ, ಇಂಜೆಕ್ಟರ್ ಶುಚಿಗೊಳಿಸುವಿಕೆ ಎಂದು ಬಿಲ್ಲಿಗೆ ಸಾಲುಗಳನ್ನು ಸೇರಿಸಿದ್ದುಂಟು.

ಇನ್ನೊಂದನ್ನೂ ನೆನಪಿಸಬೇಕು. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪೆನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬುದು ಆಯೋಗದ ಆಕ್ಷೇಪವಾಗಿತ್ತು. ಕಂಪೆನಿಗಳು ಆ ಆದೇಶವನ್ನು ಮುಂದೆ ಪ್ರಶ್ನಿಸಿದವು. ಊರಿನ ಗ್ಯಾರೇಜಿನವನಿಗೆ ಸರಿಯಾದ ಬಿಡಿಭಾಗವೂ ಮಾಹಿತಿಯೂ ಸಿಗದ ಸ್ಥಿತಿಯನ್ನು ಮೇಲಿನವರೇ ನಿರ್ಮಿಸಿದಾಗ, ತಪ್ಪನ್ನೆಲ್ಲ ಅವನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕಂಕನಾಡಿಯ ಮೆಕ್ಯಾನಿಕ್

ಕುಂದಾಪುರದವರಿಗೆ ಧನ್ಯವಾದ. ನಾನು 22 ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ. ಶಿಕ್ಷಕರೇ, ನಿಮ್ಮ ಥರ್ಮೋಸ್ಟಾಟ್ ತೆಗೆದವರಿಗೆ ಅದನ್ನು ಕಲಿಸಿದವರು ಅಂಬಾಸಿಡರ್, ಪದ್ಮಿನಿ ಕಾಲದ ಮೇಸ್ತ್ರಿಗಳಾಗಿರಬೇಕು. ನನಗೂ ಹಾಗೆಯೇ ಕಲಿಸಿದ್ದರು. ಆ ಕಾರುಗಳಿಗೆ ಇಸಿಯು ಇರಲಿಲ್ಲ, ಥರ್ಮೋಸ್ಟಾಟ್ ಸಿಕ್ಕಿಕೊಂಡರೆ ಹೊಸದು ಬೇಗ ಸಿಗುತ್ತಿರಲಿಲ್ಲ, ತೆಗೆದು ಕಳುಹಿಸುತ್ತಿದ್ದರು. ಕಾರು ಬದಲಾಯಿತು, ಪಾಠ ಬದಲಾಗಲಿಲ್ಲ.

ಆದರೆ ಗಿರಾಕಿಗಳ ಕಡೆಯನ್ನೂ ಹೇಳಲೇಬೇಕು. ದಿನಕ್ಕೆ ಹತ್ತು ಜನ ಫೋನು ಮಾಡಿ, "ಬ್ರೇಕ್ ಪ್ಯಾಡ್ ಹಾಕಲು ಎಷ್ಟು?" ಎಂದು ಮಾತ್ರ ಕೇಳುತ್ತಾರೆ. ಯಾವ ಪ್ಯಾಡ್, ಪ್ಯಾಡುಗಳನ್ನು ಡಿಸ್ಕಿಗೆ ಅದುಮುವ ಕ್ಯಾಲಿಪರಿನ ಪಿನ್ ಬಿಚ್ಚಿ ಗ್ರೀಸ್ ಹಚ್ಚುತ್ತೀರಾ, ಡಿಸ್ಕಿನ ದಪ್ಪ ಅಳೆಯುತ್ತೀರಾ ಎಂದು ಕೇಳುವವರು ವರ್ಷಕ್ಕೆ ಇಬ್ಬರು. ನಾನು ಇವೆಲ್ಲ ಸೇರಿಸಿ ದರ ಹೇಳಿದರೆ, ಪಕ್ಕದವರು 400 ರೂಪಾಯಿ ಕಡಿಮೆ ಹೇಳಿದರೆಂದು ಅಲ್ಲಿಗೆ ಹೋಗುತ್ತಾರೆ. ಪಕ್ಕದವರು ಆ 400 ರೂಪಾಯಿಯನ್ನು ಎಲ್ಲಿಂದ ಉಳಿಸಿದರು? ಅವರ ಬಾಡಿಗೆ ನನ್ನಷ್ಟೇ, ಅವರ ಹುಡುಗನ ಸಂಬಳವೂ ಅಷ್ಟೇ. ಗಿರಾಕಿಯ ಕಣ್ಣಿಗೆ ಬೀಳದ ಕೆಲಸವನ್ನು ಬಿಟ್ಟು ಉಳಿಸಿದರು. ಆಯಿಲ್ ಬದಲಿಸುವಾಗ ಡ್ರೈನ್ ಬೋಲ್ಟಿನ ವಾಷರನ್ನು ಹಳೆಯದನ್ನೇ ಹಾಕುವುದು, ಅದು ಸೋರದಿರಲೆಂದು ಉದ್ದದ ಪೈಪು ಸಿಕ್ಕಿಸಿ ಬೋಲ್ಟನ್ನು ಬಿಗಿಯುವುದು, ಎರಡು ಸಲ ಹಾಗೆ ಮಾಡಿದ ಮೇಲೆ ಅಲ್ಯೂಮಿನಿಯಂ ಸಂಪಿನ (ಎಂಜಿನ್ ಅಡಿಯ ಆಯಿಲ್ ತೊಟ್ಟಿಯ) ತಿರುಪಿನ ಎಳೆ ಕಿತ್ತುಬರುವುದು. ವಾಷರಿಗೆ ಇಪ್ಪತ್ತು ಮೂವತ್ತು ರೂಪಾಯಿ, ಸಂಪಿಗೆ ಸಾವಿರಗಟ್ಟಲೆ. ಇಂಥದ್ದನ್ನು ನಾನು ತಿಂಗಳಿಗೊಮ್ಮೆಯಾದರೂ ನೋಡುತ್ತೇನೆ.

ಒಳ್ಳೆಯ ಹುಡುಗರು ಸಿಗುವುದೂ ಕಷ್ಟ. ಐಟಿಐ ಮುಗಿಸಿ ಮೂರು ವರ್ಷ ಕೈ ಪಳಗಿದ ಕೂಡಲೇ ಗಲ್ಫಿಗೆ ಹೋಗುತ್ತಾರೆ. ಅವರನ್ನು ದೂರುವುದಿಲ್ಲ, ಮನೆ ನಡೆಯಬೇಕಲ್ಲ.

ಶಿಕ್ಷಕರಲ್ಲಿ ಒಂದು ಪ್ರಶ್ನೆ. ಆ 38,600 ರೂಪಾಯಿಯ ಬಿಲ್ಲಿನಲ್ಲಿ ಹೆಡ್ ಬೋಲ್ಟ್ ಎಂಬ ಸಾಲು ಇದೆಯೇ? ಹೆಡ್ಡನ್ನು ಲೇತಿಗೆ ಕಳುಹಿಸಿ ಫೇಸಿಂಗ್, ಅಂದರೆ ಮೇಲ್ಮೈ ಸಮ ಮಾಡುವ ಕೆಲಸ, ಮಾಡಿಸಿದರೇ? ಕೂಲೆಂಟ್ ಎಷ್ಟು ಲೀಟರ್ ಎಂದು ಬರೆದಿದ್ದಾರೆ? ಹೆಚ್ಚು ಕೊಟ್ಟಿದ್ದೀರಿ ಎಂದ ಮಾತ್ರಕ್ಕೆ ಕೆಲಸ ಪೂರ್ತಿಯಾಗಿದೆ ಎಂದುಕೊಳ್ಳಬೇಡಿ.

ಮಣಿಪಾಲದ ಗ್ರಂಥಪಾಲಕಿ

ಬ್ರೇಕಿನ ಮಾತು ಬಂದದ್ದರಿಂದ ನನ್ನ ಅನುಭವವನ್ನು ಹೇಳುತ್ತೇನೆ. ಎರಡು ವರ್ಷಗಳ ಹಿಂದೆ ಬ್ರೇಕ್ ಕೀರಲು ಸದ್ದು ಮಾಡುತ್ತಿತ್ತು. ಮನೆಯ ಹತ್ತಿರದ ಗ್ಯಾರೇಜಿನಲ್ಲಿ ಪ್ಯಾಡುಗಳನ್ನು ಬಿಚ್ಚಿ ಸ್ಯಾಂಡ್‌ಪೇಪರಿನಿಂದ ಉಜ್ಜಿ ಮತ್ತೆ ಕೂರಿಸಿ 300 ರೂಪಾಯಿ ತೆಗೆದುಕೊಂಡರು. ಸದ್ದು ನಿಂತಿತು, ನಾನೂ ನೆಮ್ಮದಿಯಿಂದಿದ್ದೆ. ಬ್ರೇಕ್ ಆಯಿಲಿನ ಬಗ್ಗೆ ಅವರೂ ಹೇಳಲಿಲ್ಲ, ನನಗೂ ಗೊತ್ತಿರಲಿಲ್ಲ.

ಮೂರು ತಿಂಗಳ ಬಳಿಕ ಶೃಂಗೇರಿಯಿಂದ ಆಗುಂಬೆ ಮಾರ್ಗವಾಗಿ ಇಳಿಯುತ್ತಿದ್ದೆವು. ಆ ಘಾಟಿಯ ಹದಿನಾಲ್ಕು ಕಡಿದಾದ ತಿರುವುಗಳಲ್ಲಿ ಅರ್ಧ ಇಳಿಯುವಷ್ಟರಲ್ಲಿ ಪೆಡಲು ಮೆತ್ತಗಾಗಿ ನೆಲಕ್ಕೆ ತಗಲುವಷ್ಟು ಒಳಹೋಯಿತು. ಯಜಮಾನರು ಮೊದಲನೆಯ ಗೇರಿಗೆ ಇಳಿಸಿ, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆದು, ಹೇಗೋ ಬದಿಗೆ ತಂದು ನಿಲ್ಲಿಸಿದರು. ಅರ್ಧ ಗಂಟೆ ತಣಿದ ಮೇಲೆ ಪೆಡಲು ತಾನಾಗಿಯೇ ಗಟ್ಟಿಯಾಯಿತು. ಸೋಮೇಶ್ವರದವರೆಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ. ಉಡುಪಿಯಲ್ಲಿ ಬೇರೊಬ್ಬರಿಗೆ ತೋರಿಸಿದಾಗ ಬ್ರೇಕ್ ಆಯಿಲ್ ಚಹಾದಂತೆ ಕಪ್ಪಾಗಿತ್ತು. ಆರು ವರ್ಷಗಳಿಂದ ಅದನ್ನು ಬದಲಿಸಿರಲೇ ಇಲ್ಲ.

ಬೈಕಂಪಾಡಿಯ ನಿವೃತ್ತ ಎಂಜಿನಿಯರ್

ಮೇಡಂ, ನಿಮ್ಮ ಯಜಮಾನರು ಸರಿಯಾದದ್ದನ್ನೇ ಮಾಡಿದ್ದಾರೆ. ಪೆಡಲಿನ ಒತ್ತಡವನ್ನು ಬ್ರೇಕಿಗೆ ತಲುಪಿಸುವ ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ದರ್ಜೆಯದ್ದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದಾಗ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ರಲ್ಲಿ ಇವೇ ಅಂಕಿಗಳು 230 ಮತ್ತು 155. ಇಳಿಜಾರಿನಲ್ಲಿ ಕಾಲು ಬ್ರೇಕಿನ ಮೇಲೇ ಇದ್ದರೆ ಕ್ಯಾಲಿಪರಿನೊಳಗಿನ ಆಯಿಲ್ ಕುದಿದು ಗುಳ್ಳೆಯಾಗುತ್ತದೆ, ಒತ್ತಿದ ಬಲವೆಲ್ಲ ಆ ಗುಳ್ಳೆಯನ್ನು ಅದುಮುವುದರಲ್ಲೇ ಮುಗಿಯುತ್ತದೆ. ತಣಿದಾಗ ಗುಳ್ಳೆ ಮತ್ತೆ ದ್ರವವಾಗುತ್ತದೆ, ಆದ್ದರಿಂದಲೇ ಪೆಡಲು ಗಟ್ಟಿಯಾಯಿತು. ಅನೇಕ ಕಂಪೆನಿಗಳು ಎರಡು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತವೆ. ವರ್ಷದ ನಾಲ್ಕು ತಿಂಗಳು ಗೋಡೆಯೂ ಬೆವರುವ ನಮ್ಮ ಊರಿನಲ್ಲಿ ಅದನ್ನು ಮುಂದೂಡಲೇಬಾರದು.

ಮಲ್ಪೆ ಬಂದರು ನಿವಾಸಿ

ನಮ್ಮದು ತುಕ್ಕಿನ ಕಥೆ. ಕಡಲಿನಿಂದ ಕಾಲು ಕಿಲೋಮೀಟರ್ ದೂರದಲ್ಲಿ ಮನೆ. ಅಡಿಭಾಗಕ್ಕೆ ಕಪ್ಪು ಕೋಟಿಂಗ್ ಹಾಕಿಸಲು ಎರಡು ಕಡೆ ಕೇಳಿ, ಅರ್ಧ ದರಕ್ಕೆ ಒಪ್ಪಿದವರಲ್ಲಿ ಹಾಕಿಸಿದೆ. ಕೆಸರನ್ನೂ ಹಳೆಯ ತುಕ್ಕನ್ನೂ ಕೆರೆಯದೆ ಅದರ ಮೇಲೆಯೇ ಬಳಿದಿದ್ದರು. ಉಪ್ಪಿನ ತೇವ ಕೋಟಿಂಗಿನ ಒಳಗೆ ಸಿಕ್ಕಿಕೊಂಡು ಎರಡು ಮಳೆಗಾಲಗಳಲ್ಲಿ ತಗಡು ತಿಂದುಹೋಯಿತು. ಟಯರ್ ಬದಲಿಸಲು ಜಾಕ್ ಇಟ್ಟಾಗ ಅದು ಬಾಗಿಲಿನ ಕೆಳಗಿನ ಅಂಚಿನೊಳಗೆ ನುಗ್ಗಿತು. ಏನನ್ನೂ ಹಾಕಿಸದೆ ವಾರಕ್ಕೊಮ್ಮೆ ಸಿಹಿ ನೀರಿನಲ್ಲಿ ತೊಳೆದಿದ್ದರೂ ಇದಕ್ಕಿಂತ ಚೆನ್ನಾಗಿರುತ್ತಿತ್ತು.

ಮಂಗಳೂರಿನ ವಕೀಲರು

ಇಲ್ಲಿ ಬರೆದವರಲ್ಲಿ ಹೆಚ್ಚಿನವರು ಬಿಲ್ಲು ಪಡೆದಂತೆ ಕಾಣುವುದಿಲ್ಲ. ಕೂಲಿಯ ಮೇಲಿನ ಶೇಕಡಾ 18ರ ಜಿಎಸ್‌ಟಿ ಉಳಿಯುತ್ತದೆಂದು ಬಿಲ್ಲು ಬೇಡವೆನ್ನುವವರು, ಅದರೊಂದಿಗೆ ತಮ್ಮ ದೂರಿನ ಆಧಾರವನ್ನೂ ಬಿಟ್ಟುಕೊಡುತ್ತಾರೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಕಾರು ದುರಸ್ತಿಯೂ ಒಂದು ಸೇವೆ, ಸರಿಯಾಗಿ ಮಾಡದಿದ್ದರೆ ಅದು ಸೇವಾ ನ್ಯೂನತೆ. ಘಟನೆ ನಡೆದ ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ನೀಡಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದಾಖಲಿಸುವುದೂ ಒಂದು ದಾರಿ.

ಬಿಲ್ಲು ಇಲ್ಲದವರು ಯುಪಿಐ ಪಾವತಿಯ ದಾಖಲೆ, ವಾಟ್ಸಾಪ್ ಸಂದೇಶ, ಬಿಚ್ಚಿದ ಭಾಗಗಳ ಚಿತ್ರಗಳನ್ನು ಉಳಿಸಿಕೊಳ್ಳಿ. ಬೇರೊಂದು ವರ್ಕ್‌ಶಾಪಿನವರು ದೋಷದ ಕಾರಣವನ್ನು ಬರೆದುಕೊಟ್ಟರೆ ಅದಕ್ಕೆ ತೂಕವಿದೆ. ಕಾರನ್ನು ಸರಿಪಡಿಸಿದ ಮೇಲೆ ಸಾಕ್ಷ್ಯ ಹುಡುಕಿದರೆ ಸಿಗುವುದಿಲ್ಲ. ಶಿಕ್ಷಕರೇ, ನೀವು ದೂರು ನೀಡುವ ಆಲೋಚನೆಯಲ್ಲಿದ್ದೀರಾ?

ಕಟಪಾಡಿಯ ಶಿಕ್ಷಕ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ವಕೀಲರೇ, ದೂರು ನೀಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಆ ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆಯುವ ವಿಷಯವನ್ನು ಮುಚ್ಚಿಟ್ಟಿರಲಿಲ್ಲ, ನನ್ನ ಮುಂದೆಯೇ ಹೇಳಿದ್ದರು, ನಾನು ಒಪ್ಪಿದ್ದೆ.

ಕಂಕನಾಡಿಯವರ ಪ್ರಶ್ನೆ ಓದಿದ ಮೇಲೆ ಬಿಲ್ಲನ್ನು ತೆಗೆದು ನೋಡಿದೆ. ಫೇಸಿಂಗ್ ಇದೆ, ಗ್ಯಾಸ್ಕೆಟ್, ವಾಟರ್ ಪಂಪ್, ಥರ್ಮೋಸ್ಟಾಟ್ ಇವೆ. ಹೆಡ್ ಬೋಲ್ಟ್ ಎಂಬ ಸಾಲು ಇಲ್ಲ. ಅವುಗಳನ್ನು ಹೊಸದಾಗಿ ಹಾಕಲೇಬೇಕೇ?

ಕಂಕನಾಡಿಯ ಮೆಕ್ಯಾನಿಕ್

ಎಂಜಿನ್ನಿಗೆ ತಕ್ಕಂತೆ ಬದಲಾಗುತ್ತದೆ. ಈಗಿನ ಹಲವು ಎಂಜಿನ್‌ಗಳಲ್ಲಿ ಹೆಡ್ ಬೋಲ್ಟನ್ನು ನಿಗದಿತ ಬಲದಲ್ಲಿ ಬಿಗಿದ ಮೇಲೆ ಇಂತಿಷ್ಟು ಡಿಗ್ರಿ ತಿರುಗಿಸಬೇಕು. ಆಗ ಬೋಲ್ಟು ಕೊಂಚ ಹಿಗ್ಗಿ ಹಿಡಿದುಕೊಳ್ಳುತ್ತದೆ. ಕೆಲವು ಕಂಪೆನಿಗಳು ಅದನ್ನು ಎರಡನೆಯ ಸಲ ಬಳಸಲೇಬಾರದು ಎನ್ನುತ್ತವೆ. ಕೆಲವು ಕಂಪೆನಿಗಳು ಅಳತೆ ತೆಗೆದು ನೋಡಿ, ಮಿತಿಯೊಳಗಿದ್ದರೆ ಮತ್ತೆ ಹಾಕಬಹುದು ಎನ್ನುತ್ತವೆ. ಹಿಗ್ಗಿದ ಬೋಲ್ಟನ್ನು ಹಾಗೆಯೇ ಹಾಕಿದರೆ ಹೆಡ್ ಎಷ್ಟೇ ಸಮವಾಗಿದ್ದರೂ ಮುಂದಿನ ಘಾಟಿಯಲ್ಲಿ ಗ್ಯಾಸ್ಕೆಟ್ ಮತ್ತೆ ಹೋಗುತ್ತದೆ. ವರ್ಕ್‌ಶಾಪಿನವರಲ್ಲಿ ಅಳೆದಿರಾ, ಎಷ್ಟು ಬಂತು ಎಂದು ಕೇಳಿ. ಅಳೆದವರಿಗೆ ಈ ಪ್ರಶ್ನೆಯಿಂದ ಕೋಪ ಬರುವುದಿಲ್ಲ.

ಕಟಪಾಡಿಯ ಶಿಕ್ಷಕ

ಇಂದು ಹೋಗಿ ಕೇಳಿದೆ. ಅಲ್ಲಿಯ ಮುಖ್ಯ ಮೆಕ್ಯಾನಿಕ್ ಜಾಬ್ ಕಾರ್ಡ್ ಹುಡುಕಿ ತೆಗೆದರು. ಹತ್ತು ಬೋಲ್ಟುಗಳ ಅಳತೆಯನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು, ಎಲ್ಲವೂ ನನ್ನ ಎಂಜಿನ್ನಿಗೆ ಕಂಪೆನಿ ಕೊಟ್ಟ ಮಿತಿಯೊಳಗಿದ್ದವು. ಆ ಪುಟದ ಚಿತ್ರ ತೆಗೆದುಕೊಂಡೆ. ಇಷ್ಟು ವರ್ಷ ಕಾರು ಓಡಿಸಿದ ಮೇಲೆ ಒಬ್ಬ ಮೆಕ್ಯಾನಿಕ್ ಜೊತೆ ನಾನು ದರದ ಬದಲು ಕೆಲಸದ ಬಗ್ಗೆ ಮಾತಾಡಿದ್ದು ಇದೇ ಮೊದಲು.

ಹಿಂತಿರುಗುವಾಗ ಹೆದ್ದಾರಿಯ ಆ ಗ್ಯಾರೇಜಿನಲ್ಲಿಯೂ ನಿಲ್ಲಿಸಿದೆ. ಜಗಳಕ್ಕೆ ಬಂದಿದ್ದೇನೆಂದು ಅವರು ಮೊದಲು ಹಿಂಜರಿದರು. ಬೈಪಾಸ್ ದಾರಿಯ ವಿಷಯವನ್ನು ಇಲ್ಲಿ ಓದಿದ್ದಷ್ಟನ್ನು ಹೇಳಿ, ಹಳೆಯ ಕಾಗದವೊಂದರ ಮೇಲೆ ಚಿತ್ರ ಬರೆದು ತೋರಿಸಿದೆ. ಅವರ ಕೆಲಸದ ಹುಡುಗ ಎರಡು ಸಲ ಕೇಳಿ ಆ ಕಾಗದವನ್ನು ತನ್ನ ಬಳಿ ಇಟ್ಟುಕೊಂಡ. ಮೆಕ್ಯಾನಿಕ್ 2,200 ರೂಪಾಯಿಯನ್ನು ಹಿಂದಿರುಗಿಸಲು ಮುಂದಾದರು, ನಾನು ತೆಗೆದುಕೊಳ್ಳಲಿಲ್ಲ. ತಾಯಿಯವರು ಹೇಗಿದ್ದಾರೆ ಎಂದು ಕೇಳಿದರು.

ಬೈಕಂಪಾಡಿಯವರು ವಿಚಾರಿಸಬಹುದು ಎಂದು ಇದನ್ನೂ ಬರೆಯುತ್ತೇನೆ: ಈಗ ಮನೆಯಿಂದ ಹೊರಟರೆ ಉದ್ಯಾವರ ತಲುಪುವ ಮೊದಲೇ ನೀಲಿ ದೀಪ ಆರುತ್ತದೆ.